ಲಕ್ಕಿ ಎಲೆಗೆ ಬೆರಳು ಬಂದದ್ದು

ಕಾಲು ಅಲ್ಲಾಡಿಸಬೇಡ ಮಾದೇವಿ, ಕಟ್ಟಿದ ಎಲೆ ಜಾರುತ್ತೆ. ಹುಣಸೆಮರದಿಂದ ಹಾರುವಾಗ ಅಜ್ಜಿಯ ನೆನಪಾಗಲಿಲ್ಲ, ಕಾಲು ಊದಿದ ಮೇಲೆ ಆಯಿತು, ಅಲ್ಲವೇ? ಇರಲಿ. ಸುಮ್ಮನೆ ಕೂತರೆ ಒಂದು ಕತೆ ಹೇಳುತ್ತೇನೆ.

ಆಗ ಲೋಕ ಹೊಸದು. ಎತ್ತ ಹರಿಯಬೇಕೆಂದು ಹೊಳೆಗೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ದಂಡೆಯ ಮೇಲಿದ್ದ ಲಕ್ಕಿ ಗಿಡದ ಎಲೆಯೂ ಹೀಗಿರಲಿಲ್ಲ. ಚಿಕ್ಕದಾಗಿ, ದುಂಡಗಿತ್ತು.

ಒಂದು ಬೆಳಿಗ್ಗೆ ಆನೆತಾಯಿಯೊಬ್ಬಳು ನೆಲದೊಳಗಿದ್ದ ಕಣಜದ ಹುಳುಗಳ ಗೂಡು ತುಳಿದುಬಿಟ್ಟಳು. ಹುಳುಗಳು ಕಚ್ಚಿ ಮುಂಗಾಲು ಎರಡೂ ಊದಿ ಒರಳಿನಂತಾದವು. ಮರುದಿನ ಹಿಂಡು ಬೆಟ್ಟದಾಚೆಯ ಹುಲ್ಲಿಗೆ ಹೊರಡಬೇಕಿತ್ತು. ಅವಳ ಮರಿಯೋ ಇನ್ನೂ ಹಾಲು ಕುಡಿಯುವ ಕೂಸು. ತಾಯಿ ನಡೆಯದಿದ್ದರೆ ಅವರಿಬ್ಬರೇ ಹುಲಿಯ ಕಾಡಿನಲ್ಲಿ ಉಳಿಯಬೇಕು.

“ನಾನು ವಾಸಿ ಮಾಡ್ತೀನಿ!” ಎಂದು ಕಾಡಿನ ಗಿಡಗಳೆಲ್ಲ ಕೂಗಿದವು. ಲಕ್ಕಿ ಮಾತ್ರ ಮೆಲ್ಲಗೆ, “ನನ್ನೆಲೆ ಬಿಸಿ ಮಾಡಿ ಕಟ್ಟಿ ನೋಡಿ” ಎಂದಿತು.

ಆಮೆಯಜ್ಜ ಯಾರ ಮಾತನ್ನೂ ಸುಮ್ಮನೆ ನಂಬುವವನಲ್ಲ.

“ಕಾಲು ಎರಡೂ ಊದವೆ ತಾನೆ? ಒಂದಕ್ಕೆ ಲಕ್ಕಿ ಎಲೆ ಕಟ್ಟಿ, ಇನ್ನೊಂದಕ್ಕೆ ಬರೀ ಮುತ್ತುಗದ ಎಲೆ. ಎರಡನ್ನೂ ಬಿಸಿಲಿಗೆ ಕಾದಿರೋ ಒಂದೇ ಬಂಡೆ ಮೇಲೆ ಬಿಸಿ ಮಾಡಿ, ಒಂದೇ ಥರ ಬಾಳೆಪಟ್ಟೆ ಸುತ್ತಿ. ಯಾವ್ದು ಯಾವ್ದು ಅಂತ ಆನವ್ವಂಗೆ ಹೇಳ್ಬ್ಯಾಡಿ. ಹೇಳಿದ್ರೆ ಅವಳ ಮನಸ್ಸೇ ಅರ್ಧ ನೋವು ಕಳೆದುಬಿಡ್ತದೆ.”

ಆನೆತಾಯಿ ಕಣ್ಣು ಮುಚ್ಚಿಕೊಂಡಳು. ಕರಿಮೂತಿಯ ಕೋತಿ ಮುಸುವ ಮರದಿಂದಿಳಿದು ತನ್ನ ಪುಟ್ಟ ಕೈಗಳಿಂದ ಎಲೆ ಕಟ್ಟಿದ. ಮುತ್ತುಗದ ಅಗಲ ಎಲೆ ಕೂತಿತು. ಲಕ್ಕಿಯ ದುಂಡನೆ ಎಲೆ ಪುಳಕ್ಕನೆ ಜಾರಿತು. ಮತ್ತೆ ಕಟ್ಟಿದ, ಮತ್ತೆ ಜಾರಿತು. ಬಿಸಿಲು ಇಳಿಯತೊಡಗಿತು. ಮರಿ ತಾಯಿಯ ಹೊಟ್ಟೆಯಡಿ ನುಗ್ಗಿ ಅಳತೊಡಗಿತು.

ಲಕ್ಕಿಗೆ ಸಂಕಟವಾಯಿತು. “ಗಾಳಿಯಣ್ಣಾ, ನನ್ನ ಎಲೆ ಸೀಳು. ಬೆರಳು ಮಾಡು. ಹಿಡ್ಕೊಳ್ಳೋಕೆ ಬೆರಳು ಬೇಕು.”

“ನೋಯ್ತದೆ ಕಣವ್ವಾ!”

“ನೋಯ್ಲಿ ಬಿಡು. ನೋವು ಅಂದ್ರೇನು ಅಂತ ಗೊತ್ತಿಲ್ದೆ ನೋವು ತೆಗೀತೀನಿ ಅಂದ್ರೆ ಆಯ್ತದಾ?”

ಗಾಳಿ ಸೀಳಿತು. ಲಕ್ಕಿ ನಡುಗಿತು, ಆದರೆ ಸಾಕು ಎನ್ನಲಿಲ್ಲ. ಒಂದೊಂದು ಎಲೆಗೂ ಐದು ಬೆರಳು ಬಂತು. ಮುಸುವ ಅವನ್ನು ಬಂಡೆಗೆ ಒತ್ತಿ ಬಿಸಿ ಮಾಡಿ ಕಟ್ಟಿದ. ಬೆರಳಿಗೆ ಬೆರಳು ಹೆಣೆದುಕೊಂಡು ಎಲೆಗಳು ಕಾಲನ್ನು ಭದ್ರವಾಗಿ ಹಿಡಿದವು.

ಹೊತ್ತು ಮುಳುಗುವಾಗ ಆಮೆಯಜ್ಜ ಕೇಳಿದ, “ಹೆಂಗದೆ ಆನವ್ವಾ?”

“ಎಡಗಾಲು ಹಗುರಾಗ್ಯದೆ ಕಣಜ್ಜಾ. ಬಲಗಾಲು ಮಾತ್ರ ಹಂಗೇ ಚುಚ್ತಾ ಅದೆ.”

ಯಾವ ಕಾಲಿಗೆ ಯಾವ ಎಲೆ ಎಂದು ತಿಳಿದಿದ್ದ ಮುಸುವ ಖುಷಿಯಿಂದ ಲಾಗ ಹಾಕಿದ. ಎಡಗಾಲಿನ ಪಟ್ಟೆ ಬಿಚ್ಚಿದರೆ ಬಾವು ಇಳಿದಿತ್ತು, ಒಳಗಿದ್ದದ್ದು ಲಕ್ಕಿ! “ಈಗ ನಂಬ್ತೀನಿ” ಎಂದ ಆಮೆಯಜ್ಜ. ಬಲಗಾಲಿಗೂ ಲಕ್ಕಿ ಎಲೆಯನ್ನೇ ಕಟ್ಟಿದರು. ಬೆಳಿಗ್ಗೆ ಹಿಂಡು ಹೊರಟಾಗ ಆನೆತಾಯಿ ನಿಧಾನವಾಗಿ ಹೆಜ್ಜೆ ಹಾಕಿದಳು. ಮರಿ ಅವಳ ಬಾಲ ಹಿಡಿದುಕೊಂಡೇ ಬೆಟ್ಟ ಹತ್ತಿತು.

ಅದಕ್ಕೇ ಲಕ್ಕಿ ಎಲೆಗೆ ಇವತ್ತಿಗೂ ಐದು ಬೆರಳು. ಅಲ್ಲೊಂದು ಇಲ್ಲೊಂದಕ್ಕೆ ಮೂರೇ ಇರುತ್ತವೆ ನೋಡು, ಅವು ಗಾಳಿಗೆ ಅಯ್ಯೋ ಅನ್ನಿಸಿ ಅರ್ಧಕ್ಕೇ ಬಿಟ್ಟ ಎಲೆಗಳು. ಮಿಕ್ಕವು ಪೂರ್ತಿ ನೋವು ತಿಂದವು, ಮಾದೇವಿ; ಈಗ ನಿನ್ನ ಕಾಲನ್ನು ಹಿಡಿದುಕೊಂಡು ಕೂತಿರುವುದು ಅವೇ.