ಓಬಮ್ಮ ಫೋನು ಕಲಿತದ್ದು

‘ಗುರುಗಳೇ, ಮೂರು ತಿಂಗಳಿಂದ ಊರಿನ ಹಿರಿಯರಿಗೆ ಫೋನು ಬಳಸುವುದನ್ನು ಕಲಿಸುತ್ತಿದ್ದೇನೆ. ಇವತ್ತು ಹೇಳಿದ್ದು ನಾಳೆಗೆ ಇರುವುದಿಲ್ಲ. ವಯಸ್ಸಾದ ಮೇಲೆ ಇದು ತಲೆಗೆ ಹತ್ತುವುದೇ ಇಲ್ಲವೋ ಏನೋ. ಬಿಟ್ಟುಬಿಡಲೇ?’ ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಓಬಮ್ಮ ಎಂಬ ಹೆಂಗಸಿದ್ದಳು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವುದು ಅವಳ ಕೆಲಸ. ವಯಸ್ಸು ಅರವತ್ತೆಂಟು. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಅವಳ ಅಕ್ಕ ಕೆಂಚಮ್ಮನೂ ಹಾಗೆಯೇ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅದರಲ್ಲೇ ಜಗಳವಾಡುತ್ತಿದ್ದರು, ಚಾಡಿ ಹೇಳುತ್ತಿದ್ದರು, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆ ಭಾಷೆ ಬಲ್ಲವರು ಲೋಕದಲ್ಲಿ ಅವರಿಬ್ಬರೇ.

ಕೆಂಚಮ್ಮನನ್ನು ದೂರದ ಊರಿಗೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಮಂಡಿ ಹಿಡಿದುಕೊಂಡ ಮೇಲೆ ಇಬ್ಬರಿಗೂ ಬಸ್ಸು ಹತ್ತಲಾಗಲಿಲ್ಲ. ಹನ್ನೊಂದು ವರ್ಷ ಕಳೆಯಿತು. ಕೆಂಚಮ್ಮನ ಸೊಸೆ ಆಗಾಗ ಓಬಮ್ಮನ ಪಕ್ಕದ ಮನೆಗೆ ಫೋನು ಮಾಡುತ್ತಿದ್ದಳು. ಪಕ್ಕದ ಮನೆಯಾಕೆ ಬಂದು, ಚೆನ್ನಾಗಿದ್ದಾಳೆ ಎಂದು ಅಂಗೈ ಆಡಿಸಿ ಹೋಗುತ್ತಿದ್ದಳು. ಹನ್ನೊಂದು ವರ್ಷದ ಸುದ್ದಿಯೆಲ್ಲ ಅಷ್ಟೇ.

ಆ ಊರಿನ ಗ್ರಂಥಾಲಯದಲ್ಲಿ ಶಾಹಿದಾ ಎಂಬಾಕೆ ಹಿರಿಯರಿಗೆ ಫೋನು ಕಲಿಸುತ್ತಿದ್ದಳು. ಮನೆಮನೆಗೂ ಹೋಗಿ ಕರೆದಿದ್ದಳು. ಓಬಮ್ಮನ ಮನೆಗೆ ಮಾತ್ರ ಹೋಗಿರಲಿಲ್ಲ. ಕಿವಿ ಕೇಳಿಸದವಳಿಗೆ ಫೋನಿನಿಂದ ಆಗಬೇಕಾದದ್ದೇನು ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಓಬಮ್ಮ ಗ್ರಂಥಾಲಯಕ್ಕೆ ಕಸದ ಬುಟ್ಟಿ ಕೊಡಲು ಹೋದಳು. ಶಾಹಿದಾ ಫೋನನ್ನು ಮುಖದ ಮುಂದೆ ಹಿಡಿದು ತನ್ನ ತಾಯಿಯೊಡನೆ ಮಾತಾಡುತ್ತಿದ್ದಳು. ಓಬಮ್ಮ ಬಗ್ಗಿ ನೋಡಿದಳು. ಗಾಜಿನೊಳಗೆ ಆ ತಾಯಿ ಐದು ಬೆರಳು ಕೂಡಿಸಿ ಬಾಯಿಯ ಬಳಿ ಹಿಡಿದು, ಊಟವಾಯಿತೇ ಎಂದು ಕೇಳಿದಳು.

ಓಬಮ್ಮನಿಗೆ ಥಟ್ಟನೆ ಹೊಳೆಯಿತು. ಕೈ! ಫೋನಿನಲ್ಲಿ ಕೈ ಕಾಣುತ್ತದೆ!

ಬುಟ್ಟಿಯನ್ನು ಅಲ್ಲೇ ಒಗೆದು ಶಾಹಿದಾಳ ತೋಳು ಹಿಡಿದಳು. ಫೋನು ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು, ಅಕ್ಕನ ಊರಿನ ದಿಕ್ಕಿಗೆ ಕೈ ಚಾಚಿದಳು. ಅಕ್ಕನ ವಿಷಯ ಊರಿಗೆಲ್ಲ ಗೊತ್ತಿತ್ತು. ಶಾಹಿದಾ ಹಣೆ ಚಚ್ಚಿಕೊಂಡು, ‘ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲವಲ್ಲಮ್ಮ!’ ಎಂದು ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಳು.

ಪಕ್ಕದ ಮನೆಯಾಕೆಯಿಂದ ಕೆಂಚಮ್ಮನ ಸೊಸೆಯ ನಂಬರು ತಂದು ಗ್ರಂಥಾಲಯದ ಫೋನಿಗೆ ಹಾಕಿಕೊಂಡಳು. ಕಲಿಯುವುದು ಸುಲಭವಾಗಲಿಲ್ಲ. ಬಿದಿರಿನ ಸಿಬಿರು ಚುಚ್ಚಿ ಚುಚ್ಚಿ ಓಬಮ್ಮನ ಬೆರಳುಗಳು ಕೊರಡಿನಂತಾಗಿದ್ದವು. ಅವಳು ಒತ್ತಿದರೆ ಫೋನಿಗೆ ತಿಳಿಯುತ್ತಲೇ ಇರಲಿಲ್ಲ. ಒಂದೊಂದೇ ಬೆರಳು ಒತ್ತಿ ನೋಡಿದಳು. ಕೊನೆಗೆ ಎಡಗೈಯ ಕಿರುಬೆರಳಿಗೆ ಅದು ಓಗೊಟ್ಟಿತು. ಓದು ಬಾರದು. ಹಸಿರು ಚಿತ್ರ, ಸೊಸೆಯ ಮುಖ, ಮೇಲೆ ಕ್ಯಾಮೆರಾ ಗುರುತು, ಇಷ್ಟನ್ನೂ ಕಣ್ಣಲ್ಲೇ ಇಟ್ಟುಕೊಂಡಳು. ತಪ್ಪಿದರೆ ಮತ್ತೆ ಮೊದಲಿನಿಂದ. ಮನೆಗೆ ಹೋಗಿ ಮೊರದ ಮೇಲೆ ಇದ್ದಿಲಿನಿಂದ ಆ ಗುರುತುಗಳನ್ನು ಬರೆದು ಒತ್ತಿ ಒತ್ತಿ ನೋಡಿದಳು. ಏಳನೆಯ ದಿನ, ಪುಸ್ತಕಗಳಿಗೆ ಒರಗಿಸಿಟ್ಟ ಗ್ರಂಥಾಲಯದ ಫೋನಿನಿಂದ, ಯಾರೂ ಕೈ ಹಾಕದೆ, ತಾನೇ ಕರೆ ಮಾಡಿದಳು.

ಮೊದಲು ಸೊಸೆ ಕಂಡಳು. ಆಮೇಲೆ ಕೆಂಚಮ್ಮ. ಓಬಮ್ಮ ತನ್ನ ಗದ್ದವನ್ನು ಎರಡು ಸಲ ತಟ್ಟಿದಳು. ಅವರ ಭಾಷೆಯಲ್ಲಿ ಅದು ಅಕ್ಕನ ಹೆಸರು. ಕೆಂಚಮ್ಮ ಮುಖವನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದಳು. ಮರುಗಳಿಗೆಗೆ ಸೊಸೆಯ ಕೈಯಿಂದ ಫೋನು ಕಿತ್ತುಕೊಂಡು ಒಂದೇ ಕೈಯಲ್ಲಿ ಮಾತು ಸುರಿಸತೊಡಗಿದಳು. ಅರ್ಧ ಮಾತು ಬಂತು, ಅರ್ಧ ಬರಲಿಲ್ಲ. ಓಬಮ್ಮ ಸಿಡುಕಿ ಎರಡೂ ಕೈ ಎತ್ತಿ ತೋರಿಸಿದಳು. ಫೋನು ಮತ್ತೆ ಸೊಸೆಯ ಕೈಗೆ ಹೋಯಿತು. ಇನ್ನು ನಾಲ್ಕು ಕೈಗಳನ್ನು ಹಿಡಿಯುವವರಿರಲಿಲ್ಲ. ಗ್ರಂಥಾಲಯದಲ್ಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು.

ನಡುವೆ ಕೆಂಚಮ್ಮ ಹೇಳಿದಳು: ಮನೆಯಲ್ಲಿ ಯಾವಾಗಲೂ ಹೊಗೆ. ಎಷ್ಟು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ. ಈಗ ನಿನ್ನ ಕೈಯೂ ಹೊಗೆಯೊಳಗೇ ಆಡುತ್ತಿದೆ.

ಹೊಗೆ ಇದ್ದದ್ದು ಮನೆಯಲ್ಲಲ್ಲ ಎಂದು ಓಬಮ್ಮನಿಗೆ ಅರ್ಥವಾಯಿತು. ತಮ್ಮಿಬ್ಬರಿಗೆ ಕಣ್ಣು ಹೋದರೆ ಮಾತೂ ಹೋದಂತೆ. ಅವಳು ಶಾಹಿದಾಳನ್ನು ಎಳೆದು ಫೋನಿನ ಮುಂದೆ ನಿಲ್ಲಿಸಿದಳು. ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡು, ಗಾಜಿನೊಳಗಿನ ಅಕ್ಕನನ್ನು ತೋರಿಸಿದಳು. ಮತ್ತೆ ಎಳೆದುಕೊಂಡಳು, ಮತ್ತೆ ತೋರಿಸಿದಳು.

‘ನಿಮ್ಮ ಅತ್ತೆಗೆ ಕಣ್ಣು ಮಂಜಾಗಿದೆಯಂತೆ. ತಡಮಾಡದೆ ಡಾಕ್ಟರಿಗೆ ತೋರಿಸಿ,’ ಎಂದಳು ಶಾಹಿದಾ.

ಸೊಸೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ‘ಎಡವುತ್ತಿದ್ದರು, ಸುಮ್ಮಸುಮ್ಮನೆ ಒಲೆಯ ಕಡೆ ಕೈ ಬೀಸಿ ಸಿಟ್ಟಾಗುತ್ತಿದ್ದರು. ಅರಳುಮರಳು ಅಂದುಕೊಂಡಿದ್ದೆವಲ್ಲ!’

ಪೊರೆ ಬಲಿತಿತ್ತು. ಒಂದು ಕಣ್ಣಿನದು ಆ ವಾರವೇ ತೆಗೆದರು, ಇನ್ನೊಂದರದು ಮುಂದಿನ ತಿಂಗಳು. ಕಟ್ಟು ಬಿಚ್ಚಿದ ಮೇಲೆ ಕೆಂಚಮ್ಮನೇ ಫೋನು ಮಾಡಿಸಿದಳು. ತಂಗಿಯನ್ನು ತಲೆಯಿಂದ ಗದ್ದದವರೆಗೆ ನೋಡಿದಳು. ಆಮೇಲೆ ತನ್ನ ಕೂದಲು ಜಗ್ಗಿ ತೋರಿಸಿ, ಇದೇನೇ, ತಲೆಯೆಲ್ಲ ಬೆಳ್ಳಗಾಗಿದೆ ಎಂದು ಗೇಲಿ ಮಾಡಿದಳು. ನಿನ್ನ ಬಾಯಲ್ಲಿ ಹಲ್ಲೇ ಇಲ್ಲವಲ್ಲ ಎಂದು ಓಬಮ್ಮ ತಿರುಗೇಟು ಕೊಟ್ಟಳು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ಒಂದು ಮಾತೂ ತಿಳಿಯದೆ ಗ್ರಂಥಾಲಯವೆಲ್ಲ ನಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ‘ಏಳೇ ದಿನ! ಶಾಹಿದಾ ಯಾವ ಕ್ರಮದಲ್ಲಿ ಕಲಿಸಿದಳು, ಹೇಳಿ ಗುರುಗಳೇ. ನಾನೂ ನಾಳೆಯಿಂದ ಹಾಗೆಯೇ ಕಲಿಸುತ್ತೇನೆ,’ ಎಂದ.

‘ನಿನ್ನ ಹತ್ತಿರ ಬರುವವರು ಯಾರ ಮುಖ ನೋಡಲು ಕಾದಿದ್ದಾರೆ, ಹೇಳು,’ ಎಂದರು ಗುರುಗಳು.

ಶಿಷ್ಯನಿಗೆ ಒಬ್ಬರದೂ ಗೊತ್ತಿರಲಿಲ್ಲ.