ಕೆಂಪಾದ ಅಂಗೈ

ಕಪಿಲೆಯ ದಡದ ಒಂದು ಚಿಕ್ಕ ಮಠದಲ್ಲಿ ನಂಜಯ್ಯ ಎಂಬ ಗುರುಗಳಿದ್ದರು. ಅವರ ಬಳಿ ಶಿವಬಸವನೆಂಬ ಶಿಷ್ಯ ಓದುತ್ತಿದ್ದ.

ಒಂದು ಮಧ್ಯಾಹ್ನ ಶಿಷ್ಯ ಹೊಳೆ ದಾಟಿ ಓಡೋಡಿ ಬಂದ.

"ಬುದ್ಧೀ, ನನ್ನಿಂದ ಒಂದು ಹೆಣ್ಣುಜೀವ ಊರು ಬಿಡಬೇಕಾಗಿದೆ."

ಗುರುಗಳು ಬಚ್ಚಲ ಕಲ್ಲಿನ ಮೇಲೆ ಕೂತು ಪಾತ್ರೆ ಬೆಳಗುತ್ತಿದ್ದರು. ಒಂದು ಚೆಂಬನ್ನೂ ಒಂದು ಹಿಡಿ ಒಲೆಬೂದಿಯನ್ನೂ ಅವನ ಮುಂದಿಟ್ಟರು.

"ತಿಕ್ಕುತ್ತಾ ಹೇಳಪ್ಪ. ಉಸಿರು ತಹಬಂದಿಗೆ ಬರಲಿ."

ಶಿಷ್ಯ ತಿಕ್ಕತೊಡಗಿದ.

"ಆಚೆ ದಡದ ಊರಲ್ಲಿ ಮಾರಮ್ಮನ ಬೆಳ್ಳಿ ಕಣ್ಣು ಕಾಣೆಯಾಗಿವೆ. ಜನ ಹೆದರಿ ಬಾಗಿಲು ಹಾಕ್ಕೊಂಡಿದ್ದರು. ಭಿಕ್ಷಕ್ಕೆ ಹೋದ ನನ್ನನ್ನು ಹಿಡಿದು, ಕದ್ದವರು ಯಾರು ಹೇಳಿ ಅಂದರು."

"ನೀನೇನು ಮಾಡಿದೆ?"

"ಅರಿಶಿನದ ನೀರು ಕದಡಿಸಿದೆ. ಎಲ್ಲರೂ ಕೈ ಅದ್ದಿ, ಕದ್ದ ಕೈ ಕೆಂಪಾಗುತ್ತೆ ಅಂದೆ. ಹೋದ ತಿಂಗಳು ಪಾಠದಲ್ಲಿ ನೀವು ತೋರಿಸಿದ್ದಿರಲ್ಲ, ಅದೇ ಅರಿಶಿನ. ಯಾರ ಕೈಯೂ ಕೆಂಪಾಗೋದಿಲ್ಲ, ಕಳ್ಳ ಮಾತ್ರ ಅದ್ದೋಕೆ ಹಿಂಜರೀತಾನೆ, ಸಿಕ್ಕಿಬೀಳ್ತಾನೆ ಅಂದ್ಕೊಂಡಿದ್ದೆ."

"ಯಾರ ಕೈ ಕೆಂಪಾಯಿತು?"

"ಚಿಕ್ಕತಾಯಮ್ಮಂದು. ಗುಡಿಗೆ ಸುಣ್ಣ ಬಳಿಯೋ ಹೆಂಗಸು."

ಗುರುಗಳ ಕೈ ನಿಂತಿತು.

"ಸುಣ್ಣ ಬಳಿಯುವ ಕೈ."

"ನನಗೆ ತೋಚಲೇ ಇಲ್ಲ ಬುದ್ಧಿ. ಕೆಂಪು ಕಂಡು ನಾನೇ ಬೆಚ್ಚಿದೆ. ಒಂದು ಗಳಿಗೆ, ಇವಳೇ ಕದ್ದಿರಬೇಕು ಅಂತ ನಾನೂ ನಂಬಿಬಿಟ್ಟೆ."

"ನಂಬಿಕೆ ಹೋದ ಮೇಲೆ?"

"ಅಷ್ಟರಲ್ಲಿ ಜನ ನನ್ನ ಕಾಲಿಗೆ ಬಿದ್ದಿದ್ದರು. ನಿಜ ಹೇಳೋಕೆ ಬಾಯಿ ಬರಲಿಲ್ಲ." ಅವನು ತಲೆ ತಗ್ಗಿಸಿದ. "ದೀಪ ಹಚ್ಚೋದರೊಳಗೆ ಅವಳು ಊರ ಗಡಿ ದಾಟಬೇಕಂತೆ. ಅವಳ ಗುಡಿಸಲ ಮೇಲಿನ ಗರಿ ಕೀಳುತ್ತಿದ್ದಾರೆ."

ಗುರುಗಳು ಎದ್ದು ಒಳಗೆ ಹೋದರು. ಚಿಟಿಕೆ ಅರಿಶಿನವನ್ನು ತಂಬಿಗೆ ನೀರಿಗೆ ಕದಡಿ ತಂದರು.

"ಕೈ ಒಡ್ಡು."

ಶಿಷ್ಯ ಬೂದಿ ಮೆತ್ತಿದ ಕೈ ಒಡ್ಡಿದ. ನೀರು ಬಿತ್ತು. ಉಗುರಿನ ಸಂದು, ಅಂಗೈಯ ಗೆರೆ, ಎಲ್ಲವೂ ರಕ್ತ ಹಚ್ಚಿದಂತೆ ಕೆಂಪಾದವು. ಅವನು ಚೀರಿ ಕೈ ಹಿಂದಕ್ಕೆಳೆದುಕೊಂಡ.

"ಕಣ್ಣು ಎಲ್ಲಿಟ್ಟಿದ್ದೀಯೋ ಕಳ್ಳ?" ಎಂದರು ಗುರುಗಳು.

ಶಿಷ್ಯನಿಗೆ ಅಳು ಬಂತು.

"ಅಳು ಆಮೇಲೆ. ಯಾಕೆ ಕೆಂಪಾಯಿತು, ಹೇಳು."

"ಬೂದಿಯಲ್ಲಿ ಕ್ಷಾರ ಇದೆ. ಸುಣ್ಣದಲ್ಲೂ ಇದೆ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತೆ. ಹುಳಿ ಬಿದ್ದರೆ ಕ್ಷಾರದ ಕಸುವು ಹೋಗುತ್ತೆ, ಮತ್ತೆ ಹಳದಿಗೆ ತಿರುಗುತ್ತೆ."

"ಪಾಠ ಬಾಯಿಗೆ ಬಂದಿದೆ. ಅದನ್ನು ಅಲ್ಲಿ ಹೇಳು, ಹೋಗು." ಗುರುಗಳು ಒಂದು ನಿಂಬೆಹಣ್ಣನ್ನು ಅವನ ಮಡಿಲಿಗೆ ಹಾಕಿದರು.

"ಕಲ್ಲು ಹೊಡೀತಾರೆ ಬುದ್ಧಿ."

"ಹೊಡೆದಾರು."

"ನೀವೂ ಬನ್ನಿ."

ಗುರುಗಳು ಚೆಂಬನ್ನು ಎತ್ತಿಕೊಂಡು ಬೆಳಗತೊಡಗಿದರು.

ಶಿಷ್ಯ ಹೊಳೆಗೆ ಇಳಿದು ಕೈ ತೊಳೆದುಕೊಂಡ. ಬರುವಾಗ ಮೊಣಕಾಲುದ್ದವಿದ್ದ ನೀರು ಈಗ ಎದೆಗೆ ಬಂದಂತೆನಿಸಿತು. ನಡುಹೊಳೆಯಲ್ಲಿ ಎರಡು ಸಲ ನಿಂತ. ಎರಡು ಸಲವೂ ಆಚೆ ದಡದಿಂದ ಗರಿ ಕೀಳುವ ಸದ್ದು ಕೇಳಿಸಿತು.

ಗುಡಿಯ ಮುಂದೆ ಅವನು ಒಲೆಬೂದಿ ತರಿಸಿ ತನ್ನ ಕೈಗೆ ತಾನೇ ಹಚ್ಚಿಕೊಂಡ, ಅರಿಶಿನದ ನೀರಿಗೆ ಅದ್ದಿದ. ಜನ "ಅಯ್ಯೋ ತಾಯೀ" ಎಂದು ಹಿಂದೆ ಸರಿದರು. ಅವನು ನಿಂಬೆಹಣ್ಣು ಹಿಂಡಿದ. ಕೆಂಪು ಹಳದಿಯಾಯಿತು.

"ಇದು ಅಮ್ಮನ ತೀರ್ಪಲ್ಲ. ಸುಣ್ಣದ ಗುಣ. ನನಗೆ ಗೊತ್ತಿತ್ತು. ಹೇಳಲಿಲ್ಲ."

ಊರ ಯಜಮಾನ ರಾಚಪ್ಪ ಮುಂದೆ ಬಂದ. "ಹಂಗಾರೆ ಕಣ್ಣು ಕದ್ದೋರು ಯಾರು?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ದೇ ನಮ್ಮ ಕೈಲಿ ಗುಡಿಸಲು ಕೀಳಿಸಿದೆಯಾ? ಕಾವಿ ಬೇರೆ ಕೇಡು ನಿನಗೆ!"

ಯಾರೋ ಸಗಣಿ ಎಸೆದರು. ಅದು ಅವನ ಭುಜಕ್ಕೆ ತಗುಲಿತು. ಆದರೆ ಗುಡಿಸಲ ಮೇಲಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದರು.

ಶಿಷ್ಯ ಉಳಿದ ಅರ್ಧ ನಿಂಬೆಹಣ್ಣನ್ನು ಹಿಡಿದು ಚಿಕ್ಕತಾಯಮ್ಮನ ಹತ್ತಿರ ಹೋದ. ಅವಳು ಕೆಂಪು ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ದೂರ ನಿಂತ್ಕೊಳ್ಳಿ ಸ್ವಾಮಿ. ನೀವು ಕೊಡೋದು ಏನನ್ನೂ ಮುಟ್ಟಾಕಿಲ್ಲ ನಾನು."

ಹೊತ್ತು ಮುಳುಗುವಾಗ ಶಿಷ್ಯ ಮಠಕ್ಕೆ ಮರಳಿದ.

"ಊರಲ್ಲೇ ಉಳಿದಳು ಬುದ್ಧಿ. ಆದರೆ ನನ್ನನ್ನು ಕಂಡು ಹೆದರಿ ಕೈ ಬಚ್ಚಿಟ್ಟುಕೊಂಡಳು. ಆ ಭಯಕ್ಕೆ ಏನು ಹಿಂಡಲಿ?"

"ಅದಕ್ಕೆ ನನ್ನ ಹತ್ತಿರ ಹಣ್ಣಿಲ್ಲ," ಎಂದರು ಗುರುಗಳು. "ನಾಳೆ ಅವಳ ಗುಡಿಸಲಿಗೆ ಗರಿ ಹೊದಿಸು. ಅವಳು ಬಾ ಅಂದ ದಿನ ಸುಣ್ಣದ ಮಡಕೆ ಹೊರು."