ತೂತು ಬಿದ್ದ ಬಾನೆಟ್ಟು

ಉಪ್ಪು ಹೊರುವ ಹಳೆಯ ಲಾರಿಯೊಂದಕ್ಕೆ ಹೊಸ ಕ್ಯಾಬಿನ್ ಕೂರಿಸುವ ದಿನ ಬಂತು. ಅಂಕೋಲೆಯ ಗ್ಯಾರೇಜಿನ ಅಂಗಳದಲ್ಲಿ ಫಿಟ್ಟರ್ ಬೊಮ್ಮಯ್ಯ ತುಕ್ಕು ತಿಂದ ಕ್ಯಾಬಿನ್ನನ್ನು ಬಿಚ್ಚಿ ನೆಲಕ್ಕಿಳಿಸಿದ. ಎಂಜಿನ್ ಬಯಲಿಗೆ ಮೈಯೊಡ್ಡಿ ಕೂತಿತು.

ಪಕ್ಕದಲ್ಲಿ ಮಿರಮಿರ ಮಿಂಚುತ್ತಿದ್ದ ಹೊಸ ಕ್ಯಾಬಿನ್, "ಅಲ್ಲಯ್ಯಾ, ಈ ಜರಡಿಯನ್ನು ಇಷ್ಟು ವರ್ಷ ಹೊತ್ತು ಹೇಗೆ ತಿರುಗಿದೆ?" ಎಂದು ಕೇಳಿತು.

"ನಾನು ಅದನ್ನು ಹೊತ್ತೆನೋ, ಅದೇ ನನ್ನನ್ನು ಕಾಯಿತೋ," ಎಂದಿತು ಎಂಜಿನ್.

ಅಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. "ನನ್ನ ಬಣ್ಣ ಇನ್ನೂ ಹಸಿ! ಮೊದಲು ನನ್ನನ್ನು ಮುಚ್ಚಿ!" ಎಂದು ಹೊಸ ಕ್ಯಾಬಿನ್ ಕೂಗಿತು. ಬೊಮ್ಮಯ್ಯ ಇದ್ದೊಂದು ತಾಡಪಾಲನ್ನು ಅದಕ್ಕೇ ಹೊದಿಸಿಬಿಟ್ಟ. ಎಂಜಿನ್ನಿಗೆ ಜೀವ ಬಾಯಿಗೆ ಬಂತು. ನೀರು ಒಳಗಿಳಿದರೆ ಅದರ ಕಥೆ ಮುಗಿದಂತೆ.

"ನನ್ನ ಬಾನೆಟ್ಟು ಇದೆಯಲ್ಲ, ಅದನ್ನೇ ಎಂಜಿನ್ನಿಗೆ ಮುಚ್ಚಿ," ಎಂದಿತು ನೆಲದ ಮೇಲಿದ್ದ ಹಳೆಯ ಕ್ಯಾಬಿನ್.

ಡ್ರೈವರ್ ಬೀರಣ್ಣ ಓಡಿಬಂದು ಅದನ್ನೆತ್ತಿ ಎಂಜಿನ್ನಿನ ಮೇಲಿಟ್ಟ. ಬಾನೆಟ್ಟಿನ ಅಂಚೆಲ್ಲ ತೂತು. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೇರವಾದ ಜಾಗದಲ್ಲಿ ಮಾತ್ರ ಒಂದು ತೂತೂ ಇರಲಿಲ್ಲ.

"ಎಷ್ಟೇ ಉಪ್ಪುನೀರು ಸುರಿದರೂ ಅಲ್ಲಿಗೆ ಇಳಿಯಗೊಡಲಿಲ್ಲ ಕಣಪ್ಪಾ," ಎಂದಿತು ಹಳೆಯದು.

ಮಳೆ ನಿಂತ ಮೇಲೆ ಹಳೆಯ ಬಾನೆಟ್ಟು ನೆಲಕ್ಕಿಳಿಯಿತು, ಹೊಸ ಕ್ಯಾಬಿನ್ ಕೂತಿತು. ಬೀರಣ್ಣ ಚಕ್ರಗಳಡಿ ನಿಂಬೆಹಣ್ಣಿಟ್ಟ. ಆಮೇಲೆ ಚಪ್ಪಲಿ ಬಿಟ್ಟು ಹೋಗಿ, ಲಾರಿಗೆಂದು ತಂದಿದ್ದ ಹಾರವನ್ನು ಹಳೆಯ ಬಾನೆಟ್ಟಿಗೆ ಹಾಕಿ ಕೈಮುಗಿದ.

"ನನ್ನ ಮೈಗೂ ಹೀಗೇ ತೂತು ಬೀಳುತ್ತದೆಯೇ?" ಎಂದು ಹೊಸ ಕ್ಯಾಬಿನ್ ಮೆಲ್ಲಗೆ ಕೇಳಿತು.

"ಬೀಳುತ್ತದೆ," ಎಂದಿತು ಎಂಜಿನ್. "ಯಾರಿಗಾಗಿ ಬಿತ್ತೆಂದು ನನಗೆ ನೆನಪಿರುತ್ತದೆ."